ಅಳತೆ ಸರಿಯೇ ಎಂದು ಕೇಳುವ ವಿದ್ಯೆ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು ಹೊರಗಿನಿಂದ ಬಂದ ಅತಿಥಿಯಲ್ಲ. ಇದೇ ಊರಿನ ಸರ್ಕಾರಿ ಶಾಲೆಯಲ್ಲಿ ಓದಿದವಳು. ನಮ್ಮವ್ವ ಈ ಸಂಘದ ಸದಸ್ಯೆ. ಎರಡು ಹಸು ಇಟ್ಟುಕೊಂಡು, ಹಾಲಿನ ಬಟವಾಡೆಯ ದುಡ್ಡಿನಲ್ಲೇ ನನ್ನ ಹಾಸ್ಟೆಲ್ಲಿನ ಖರ್ಚು ನಿಭಾಯಿಸಿದವರು. ಈಗ ನಾನು ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಬಯೋಮೆಡಿಕಲ್ ಇಂಜಿನಿಯರಿಂಗ್ ವಿಷಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಇದು ಮೂರನೆಯ ವರ್ಷ. ಉನ್ನತ ಶಿಕ್ಷಣದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಕೇಳಿದರು. ಉನ್ನತ ಶಿಕ್ಷಣವೆಂದರೆ ದೊಡ್ಡ ಸಮುದ್ರ. ನಾನು ನಡೆದ ದಾರಿ ಒಂದೇ ನನಗೆ ಗೊತ್ತಿರುವುದು. ಅದನ್ನಷ್ಟೇ ಹೇಳುತ್ತೇನೆ.

ಊರಿಗೆ ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆಗಳು ಮೂರು. ಒಂದು, “ನೀನು ಡಾಕ್ಟರೋ ಇಂಜಿನಿಯರೋ, ಯಾವುದವ್ವ?” ಎರಡು, “ಇನ್ನೂ ಓದು ಮುಗೀಲಿಲ್ವಾ? ಯಾವಾಗ ಸಂಪಾದನೆ, ಯಾವಾಗ ಮದುವೆ?” ಮೂರು, “ಇಷ್ಟೆಲ್ಲ ಓದಿ ನಮಗೇನು ಬಂತು?” ಮೂರೂ ನ್ಯಾಯವಾದ ಪ್ರಶ್ನೆಗಳೇ. ಕೇಳಿದವರ ಮೇಲೆ ನನಗೆ ಬೇಸರವಿಲ್ಲ. ಈ ಮೂರಕ್ಕೂ ಕೂಡಿ ಇವತ್ತು ಉತ್ತರ ಹೇಳುವ ಪ್ರಯತ್ನ ಮಾಡುತ್ತೇನೆ.

ಮೊದಲನೆಯ ಪ್ರಶ್ನೆ. ಡಾಕ್ಟರು ರೋಗಿಯನ್ನು ನೋಡುತ್ತಾರೆ. ಆದರೆ ಇವತ್ತು ಡಾಕ್ಟರ ಕೈಯಲ್ಲಿರುವ ಹೆಚ್ಚಿನ ಸಾಧನಗಳು ಇಂಜಿನಿಯರುಗಳು ಮಾಡಿದಂಥವು. ಎದೆಗೆ ವೈರು ಹಚ್ಚಿ ಕಾಗದದ ಮೇಲೆ ಗೆರೆ ತೆಗೆಯುವ ಇ.ಸಿ.ಜಿ.ಯನ್ನು ನೀವೆಲ್ಲ ತಾಲ್ಲೂಕು ಆಸ್ಪತ್ರೆಯಲ್ಲಿ ನೋಡಿದ್ದೀರಿ. ಅದಕ್ಕೆ ಬುನಾದಿ ಹಾಕಿದವರು ಹಾಲೆಂಡಿನ ಐಂಥೋವನ್ ಎಂಬ ವಿಜ್ಞಾನಿ, 1900ರ ಆಸುಪಾಸಿನಲ್ಲಿ. ಅವರ ಮೊದಲ ಯಂತ್ರ ಎರಡೂವರೆ ಕ್ವಿಂಟಾಲಿಗಿಂತ ಹೆಚ್ಚು ತೂಕವಿತ್ತು, ನಡೆಸಲು ಐದು ಜನ ಬೇಕಾಗಿತ್ತು. 1924ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಈಗ ಅದೇ ಯಂತ್ರ ಒಂದು ಕೈಚೀಲದಲ್ಲಿ ಹಿಡಿಯುತ್ತದೆ. ದೇಹ ಹೇಗೆ ಕೆಲಸ ಮಾಡುತ್ತದೆಂದು ತಿಳಿದುಕೊಂಡು, ಅದನ್ನು ಅಳೆಯುವ, ಅದಕ್ಕೆ ಆಸರೆಯಾಗುವ ಸಾಧನಗಳನ್ನು ಮಾಡುವುದೇ ಬಯೋಮೆಡಿಕಲ್ ಇಂಜಿನಿಯರಿಂಗ್. ಕೃತಕ ಕಾಲು, ಎದೆಯೊಳಗಿಡುವ ಪೇಸ್‌ಮೇಕರ್, ಸ್ಕ್ಯಾನಿಂಗ್, ಕಿವುಡರಿಗೆ ಶ್ರವಣ ಸಾಧನ, ಎಲ್ಲವೂ ಇದರೊಳಗೆ ಬರುತ್ತವೆ. ಆದ್ದರಿಂದ ನಾನು ಇಂಜಿನಿಯರು. ಪಿಎಚ್.ಡಿ. ಮುಗಿದ ಮೇಲೆ ಹೆಸರಿನ ಹಿಂದೆ ಡಾಕ್ಟರ್ ಅಂತ ಬರುತ್ತದೆ, ಆದರೆ ದಯವಿಟ್ಟು ಯಾರೂ ಜ್ವರ ಬಂತೆಂದು ನನ್ನ ಹತ್ತಿರ ಮಾತ್ರೆ ಕೇಳಬೇಡಿ!

ಇನ್ನು ಸಂಶೋಧನೆ ಅಂದರೇನು? ಇದನ್ನು ನಮ್ಮೂರಿನವರಿಗೆ ಹೇಳುವುದು ಬಹಳ ಸುಲಭ, ಏಕೆಂದರೆ ನೀವು ದಿನಕ್ಕೆರಡು ಸಲ ಸಂಶೋಧಕರ ಪ್ರಶ್ನೆಯನ್ನೇ ಕೇಳುತ್ತೀರಿ. ಹಾಲು ಹಾಕಿದ ಮೇಲೆ ಮಿಷನ್ನು ಫ್ಯಾಟು 3.4 ಅಂತ ತೋರಿಸಿದರೆ, “ಏನಣ್ಣ, ನಿನ್ನೆ 3.9 ಇತ್ತು, ಅದೇ ಹಸು, ಅದೇ ಹುಲ್ಲು, ಮಿಷನ್ನು ಸರಿಯಾಗಿದೆಯಾ?” ಅಂತ ಕೇಳದವರು ಇಲ್ಲಿ ಯಾರಿದ್ದೀರಿ? ಹಸುವಿನ ಹಾಲಿಗೆ 3.5 ಫ್ಯಾಟು, 8.5 ಎಸ್.ಎನ್.ಎಫ್. ಎಂಬ ಮಟ್ಟ ಇಟ್ಟುಕೊಂಡು ನಮಗೆ ದರ ಕಟ್ಟುತ್ತಾರೆ. ಒಂದು ಸಣ್ಣ ಅಂಕಿ ಆಚೀಚೆಯಾದರೆ ಬಟವಾಡೆಯಲ್ಲಿ ವ್ಯತ್ಯಾಸ ಬರುತ್ತದೆ. ಆದ್ದರಿಂದ ಅಂಕಿ ಸತ್ಯವೇ ಎಂದು ಕೇಳುವುದು ನಮಗೆ ರಕ್ತಗತವಾಗಿದೆ.

ಆಗ ಹಾಲು ಪರೀಕ್ಷಕರು ಏನು ಮಾಡುತ್ತಾರೆ? ಮಿಷನ್ನಿನ ಅಂಕಿಯನ್ನು ಗರ್ಬರ್ ಪರೀಕ್ಷೆಯ ಅಂಕಿಯೊಂದಿಗೆ ತಾಳೆ ನೋಡುತ್ತಾರೆ. ಗಾಜಿನ ಬ್ಯುಟಿರೋಮೀಟರಿನಲ್ಲಿ ಗಂಧಕಾಮ್ಲ ಹಾಕಿ, ಹಾಲು ಹಾಕಿ, ತಿರುಗಿಸಿ, ಮೇಲೆ ಬಂದ ಕೊಬ್ಬನ್ನು ಕಣ್ಣಾರೆ ಓದುವ ಪರೀಕ್ಷೆ ಅದು. ಅದು ನಿಧಾನ, ಆದರೆ ನೇರ. ಇಲ್ಲಿರುವ ಮಿಷನ್ನು ಕೊಬ್ಬನ್ನು ನೇರವಾಗಿ ನೋಡುವುದಿಲ್ಲ. ಕಿವಿಗೆ ಕೇಳಿಸದಷ್ಟು ಸೂಕ್ಷ್ಮ ಶಬ್ದವನ್ನು ಹಾಲಿನ ಮೂಲಕ ಕಳಿಸಿ, ಅದು ಸಾಗಿದ ರೀತಿಯಿಂದ ಲೆಕ್ಕ ಹಾಕುತ್ತದೆ. ಆ ಲೆಕ್ಕ ಸರಿಬರಬೇಕಾದರೆ ಹಸುವಿನ ಹಾಲಿಗೆ ಬೇರೆ, ಎಮ್ಮೆಯ ಹಾಲಿಗೆ ಬೇರೆ ಹೊಂದಿಕೆ ಮಾಡಿಡಬೇಕು. ಹಸುವಿಗೆ ಹೊಂದಿಸಿದ ಲೆಕ್ಕದಲ್ಲಿ ಎಮ್ಮೆಯ ಹಾಲು ಅಳೆದರೆ ಅಂಕಿ ಬರುತ್ತದೆ, ಆದರೆ ಆ ಅಂಕಿಯನ್ನು ನಂಬುವ ಹಾಗಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ. ನನ್ನ ಸಂಶೋಧನೆಯೆಲ್ಲ ಇದರ ಮೇಲೆಯೇ ನಿಂತಿದೆ.

2021ನೇ ಇಸವಿಯ ಮೇ ತಿಂಗಳನ್ನು ನಾವ್ಯಾರೂ ಮರೆಯುವಂತಿಲ್ಲ. ಕೊರೋನಾ ಎರಡನೆಯ ಅಲೆ. ನಾನು ಬಿ.ಇ. ಕೊನೆಯ ಸೆಮಿಸ್ಟರಿನಲ್ಲಿದ್ದೆ, ಕಾಲೇಜು ಮುಚ್ಚಿ ಮನೆಯಲ್ಲಿದ್ದೆ. ಆಶಾ ಕಾರ್ಯಕರ್ತೆ ಅಕ್ಕ ಬೆರಳಿಗೆ ಹಾಕುವ ಕ್ಲಿಪ್ಪು ಹಿಡಿದುಕೊಂಡು ಮನೆಮನೆಗೆ ಬರುತ್ತಿದ್ದರು. 94ಕ್ಕಿಂತ ಕೆಳಗೆ ಬಂದರೆ ಆಸ್ಪತ್ರೆಗೆ ಹೋಗಿ ಅನ್ನುತ್ತಿದ್ದರು. ನಮ್ಮಪ್ಪನ ತೋರುಬೆರಳಿಗೆ ಹಾಕಿದರೆ ಅಂಕಿಯೇ ಬರಲಿಲ್ಲ. ಗುದ್ದಲಿ ಹಿಡಿದು ಗಟ್ಟಿಯಾದ ಬೆರಳು. ಉಂಗುರದ ಬೆರಳಿಗೆ ಹಾಕಿದಾಗ 97 ಬಂತು, ಕೈ ಉಜ್ಜಿ ಬಿಸಿ ಮಾಡಿ ಮತ್ತೆ ಹಾಕಿದಾಗ 93. “ಯಾವುದನ್ನ ಬರ್ಕೊಳ್ಳಲಿ ತಾಯಿ, ನೀನು ಇಂಜಿನಿಯರು, ನೀನೇ ಹೇಳು” ಅಂದರು ಆ ಅಕ್ಕ. ನಾಲ್ಕು ವರ್ಷ ಅದನ್ನೇ ಓದಿದ್ದ ನನ್ನ ಬಳಿ ಉತ್ತರವಿರಲಿಲ್ಲ. ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಗುಣಮುಖರಾಗಿ ಬಂದರು. ಈಗ ಅಲ್ಲಿ ಎರಡನೆಯ ಸಾಲಿನಲ್ಲಿ ಕೂತಿದ್ದಾರೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಆ ಕ್ಲಿಪ್ಪಿನ ಹೆಸರು ಪಲ್ಸ್ ಆಕ್ಸಿಮೀಟರ್. ಅದರ ಹಿಂದಿನ ವಿಚಾರವನ್ನು 1974ರಲ್ಲಿ ಜಪಾನಿನ ತಕುವೊ ಅಯೋಯಾಗಿ ಎಂಬ ಇಂಜಿನಿಯರು ಹೊರತಂದರು. ಅವರು ಮಾಡುತ್ತಿದ್ದುದು ಬೇರೆಯೇ ಒಂದು ಅಳತೆ. ನಾಡಿಬಡಿತ ನಡುವೆ ಬಂದು ಆ ಅಳತೆಯನ್ನು ಕೆಡಿಸುತ್ತಿತ್ತು. ಕೆಡಿಸುತ್ತಿದೆ ಎಂದು ಬೇಸರಪಡುವ ಬದಲು, ಆ ಬಡಿತದಿಂದಲೇ ರಕ್ತದ ಆಮ್ಲಜನಕವನ್ನು ಅಳೆಯಬಹುದೆಂದು ಅವರಿಗೆ ಹೊಳೆಯಿತು. ಆಮ್ಲಜನಕ ತುಂಬಿದ ರಕ್ತ ಕೆಂಪಗಿರುತ್ತದೆ, ಕಡಿಮೆಯಾದಾಗ ಕಪ್ಪಾಗುತ್ತದೆ. ಕ್ಲಿಪ್ಪು ಬೆರಳಿನ ಮೂಲಕ ಎರಡು ಬಗೆಯ ಬೆಳಕು ಕಳಿಸುತ್ತದೆ. ಒಂದು ಕೆಂಪು, ಇನ್ನೊಂದು ಕಣ್ಣಿಗೆ ಕಾಣದ ಅವಕೆಂಪು. ಎರಡರಲ್ಲಿ ಎಷ್ಟೆಷ್ಟು ಆಚೆ ಬಂತೆಂದು ನೋಡಿ ಲೆಕ್ಕ ಹಾಕುತ್ತದೆ. ನಮ್ಮ ಡೈರಿಯ ಮಿಷನ್ನಿನಂತೆ ಇದೂ ನೇರವಾಗಿ ನೋಡುವುದಿಲ್ಲ, ಲೆಕ್ಕ ಹಾಕುತ್ತದೆ. ಇದನ್ನು ಹೊಂದಿಸುವುದು ಹೇಗೆಂದರೆ, ಆರೋಗ್ಯವಂತ ಸ್ವಯಂಸೇವಕರಿಗೆ ವೈದ್ಯರ ಎದುರಿನಲ್ಲಿ ಆಮ್ಲಜನಕ ಕಡಿಮೆ ಇರುವ ಗಾಳಿ ಕೊಟ್ಟು, ಅವರ ರಕ್ತ ತೆಗೆದು ಪರೀಕ್ಷಿಸಿ, ಕ್ಲಿಪ್ಪಿನ ಅಂಕಿಯೊಂದಿಗೆ ತಾಳೆ ನೋಡುತ್ತಾರೆ.

ಆದರೆ ಆ ಸ್ವಯಂಸೇವಕರು ಯಾರು? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಹೇಳಿದ್ದು ಕನಿಷ್ಠ 10 ಜನ ಸಾಕು, ಅವರಲ್ಲಿ 2 ಜನ ಕಪ್ಪು ಮೈಬಣ್ಣದವರಿರಲಿ ಅಂತ. ಮೈಬಣ್ಣವೂ ಬೆಳಕನ್ನು ಹೀರುತ್ತದೆಂಬುದು ನಿಮಗೆ ಗೊತ್ತಿರುವ ವಿಷಯವೇ. 2020ರ ಡಿಸೆಂಬರಿನಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಒಂದು ವರದಿ ಪ್ರಕಟಿಸಿದರು. ಕ್ಲಿಪ್ಪು 92ರಿಂದ 96 ತೋರಿಸಿದ್ದರೂ ರಕ್ತ ಪರೀಕ್ಷೆಯಲ್ಲಿ ಆಮ್ಲಜನಕ 88ಕ್ಕಿಂತ ಕೆಳಗಿದ್ದ ಸಂದರ್ಭಗಳು ಕರಿಯ ರೋಗಿಗಳಲ್ಲಿ 100ಕ್ಕೆ ಸುಮಾರು 12, ಬಿಳಿಯರಲ್ಲಿ ಸುಮಾರು 4. ಅಂದರೆ ಕರಿಯ ರೋಗಿಗಳಲ್ಲಿ ಅಪಾಯ ಮರೆಯಾಗಿ ಉಳಿದದ್ದು ಮೂರು ಪಟ್ಟು ಹೆಚ್ಚು. 2025ರ ಜನವರಿಯಲ್ಲಿ ಅದೇ ನಿಯಂತ್ರಣ ಸಂಸ್ಥೆ ಕರಡು ನಿಯಮವೊಂದನ್ನು ಹೊರಡಿಸಿ, 10 ಜನ ಸಾಲದು, 150 ಜನರಾದರೂ ಇರಲಿ, ಎಲ್ಲ ಮೈಬಣ್ಣದವರೂ ಇರಲಿ ಎಂದಿತು. ಹಸುವಿಗೆ ಹೊಂದಿಸಿದ ಲೆಕ್ಕದಲ್ಲಿ ಎಮ್ಮೆಯ ಹಾಲು ಅಳೆದ ಕಥೆಯೇ ಇದು. ವ್ಯತ್ಯಾಸವಿಷ್ಟೆ: ಅಲ್ಲಿ ಹೋಗುವುದು ರೂಪಾಯಿ, ಇಲ್ಲಿ ಹೋಗುವುದು ಜೀವ.

ನಾನು ಈಗ ಮಾಡುತ್ತಿರುವ ಕೆಲಸ ಇದೇ. ನಮ್ಮ ಜನರ ಮೈಬಣ್ಣಕ್ಕೆ, ದುಡಿದು ಗಟ್ಟಿಯಾದ ಬೆರಳಿಗೆ, ತಣ್ಣಗಿನ ಕೈಗೆ ಈ ಯಂತ್ರದ ಅಂಕಿ ಎಷ್ಟು ಸರಿ, ಸರಿಯಿಲ್ಲದಿದ್ದರೆ ಹೇಗೆ ಸರಿಪಡಿಸಬಹುದು ಎಂಬುದು. ಫಲಿತಾಂಶ ಹೇಳುವ ಹಂತ ಇನ್ನೂ ಬಂದಿಲ್ಲ, ಬರದೆ ಹೇಳುವುದೂ ಸರಿಯಲ್ಲ. ಆದರೆ “ನಮಗೇನು ಬಂತು” ಎಂಬ ಮೂರನೆಯ ಪ್ರಶ್ನೆಗೆ ಇದೇ ನನ್ನ ಉತ್ತರ. ನಮ್ಮ ಬೆರಳನ್ನು ನಾವು ಲೆಕ್ಕಕ್ಕೆ ಸೇರಿಸದಿದ್ದರೆ ಬೇರೆ ದೇಶದವರು ಬಂದು ಸೇರಿಸುತ್ತಾರೆಂದು ಕಾಯುತ್ತ ಕೂರುವಂತಿಲ್ಲ. ಅದಕ್ಕೆ ನಮ್ಮ ಮಕ್ಕಳೇ ಆ ಪ್ರಯೋಗಾಲಯದೊಳಗೆ ಹೋಗಬೇಕು.

ಈಗ ಎರಡನೆಯ ಪ್ರಶ್ನೆ: ಎಷ್ಟು ವರ್ಷ, ಎಷ್ಟು ದುಡ್ಡು? ವಿದ್ಯಾರ್ಥಿಗಳೂ ತಂದೆತಾಯಂದಿರೂ ಇದನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು.

ಎಸ್.ಎಸ್.ಎಲ್.ಸಿ. ಆದ ಮೇಲೆ ಪಿ.ಯು.ಸಿ.ಯಲ್ಲಿ ವಿಜ್ಞಾನ ತೆಗೆದುಕೊಳ್ಳಬೇಕು. ಭೌತಶಾಸ್ತ್ರ ಮತ್ತು ಗಣಿತ ಇರಲೇಬೇಕು. ಜೀವಶಾಸ್ತ್ರವೂ ಇದ್ದರೆ ಮುಂದೆ ಅನುಕೂಲ. ಕನ್ನಡ ಮಾಧ್ಯಮದ ಮಕ್ಕಳಿಗೆ ಆ ಮೊದಲ ಆರು ತಿಂಗಳು ಕಷ್ಟ, ಸುಳ್ಳು ಹೇಳುವುದಿಲ್ಲ. ಶಾಲೆಯಲ್ಲಿ ‘ಸಾಂದ್ರತೆ’ ಅಂತ ಓದಿದ್ದು ಅಲ್ಲಿ ‘ಡೆನ್ಸಿಟಿ’ ಆಗಿರುತ್ತದೆ. ಆದರೆ ಡೈರಿಯಲ್ಲಿ ಲ್ಯಾಕ್ಟೋಮೀಟರು ಹಾಲಿನಲ್ಲಿ ಎಷ್ಟು ಮುಳುಗಿತೆಂದು ನೋಡಿ ‘ಡಿಗ್ರಿ’ ಓದುವುದನ್ನು ನೋಡಿದ ಮಗುವಿಗೆ ಸಾಂದ್ರತೆ ಗೊತ್ತೇ ಇದೆ, ಹೆಸರು ಮಾತ್ರ ಹೊಸದು. ಹೆಸರು ಆರು ತಿಂಗಳಲ್ಲಿ ಬಾಯಿಗೆ ಬರುತ್ತದೆ. ಅರ್ಥ ಮೊದಲೇ ಗೊತ್ತಿದ್ದವರಿಗೆ ಅಂಜಿಕೆ ಬೇಡ.

ಆಮೇಲೆ ಸಿ.ಇ.ಟಿ. 1ರಿಂದ 10ನೇ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ 15ರಷ್ಟು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5ರಷ್ಟು ಶೇಕಡಾ ಸೀಟುಗಳ ಮೀಸಲಾತಿ ಇದೆ. ನಮ್ಮ ಎಷ್ಟೋ ಮಕ್ಕಳು ಇದನ್ನು ತಿಳಿಯದೆ, ಅಥವಾ ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಹಾಕಿಸದೆ ಕಳೆದುಕೊಳ್ಳುತ್ತಾರೆ. ಶಾಲೆಯಲ್ಲಿರುವಾಗಲೇ ಕಾಗದಪತ್ರ ಮಾಡಿಸಿಟ್ಟುಕೊಳ್ಳಿ. ಆಯಾ ವರ್ಷದ ನಿಯಮವನ್ನೂ ಓದಿಕೊಳ್ಳಿ.

ಬಿ.ಇ. ನಾಲ್ಕು ವರ್ಷ. ಕೆಲವು ಕಾಲೇಜುಗಳಲ್ಲಿ ಬಯೋಮೆಡಿಕಲ್ ಅಂತಲೂ ಕೆಲವು ಕಡೆ ಮೆಡಿಕಲ್ ಎಲೆಕ್ಟ್ರಾನಿಕ್ಸ್ ಅಂತಲೂ ಇರುತ್ತದೆ. ಈ ಸೀಟೇ ಸಿಗಬೇಕೆಂದಿಲ್ಲ. ಎಲೆಕ್ಟ್ರಾನಿಕ್ಸ್, ಮೆಕ್ಯಾನಿಕಲ್, ಕಂಪ್ಯೂಟರ್ ಓದಿದವರೂ ಮುಂದೆ ಈ ಕಡೆ ಬರಬಹುದು, ನನ್ನ ಜೊತೆಯಲ್ಲೇ ಅಂಥವರಿದ್ದಾರೆ. ಈ ನಾಲ್ಕು ವರ್ಷದಲ್ಲಿ ಒಂದು ಬದಿ ಅಂಗರಚನೆ, ಶರೀರಕ್ರಿಯೆ, ಇನ್ನೊಂದು ಬದಿ ಸರ್ಕ್ಯೂಟು, ಗಣಿತ. ವೈದ್ಯಕೀಯದವರಿಗೆ ಇಂಜಿನಿಯರಿನಂತೆಯೂ, ಇಂಜಿನಿಯರುಗಳಿಗೆ ವೈದ್ಯಕೀಯದವರಂತೆಯೂ ಕಾಣುವ ಫಜೀತಿ ಇದೆ. ಆದರೆ ಇಬ್ಬರ ಭಾಷೆಯೂ ಬಲ್ಲವರು ಬೇಕೇ ಬೇಕು. ಒಂದು ಮಾತು ಹೇಳುತ್ತೇನೆ: ಆಸ್ಪತ್ರೆಗೆ ಹೋಗಿ ನೋಡಿ. ಓದುವಾಗ ನಾನು ಒಂದು ಆಸ್ಪತ್ರೆಯಲ್ಲಿ ತಿಂಗಳು ಕಾಲ ತರಬೇತಿಗಿದ್ದೆ. ಒಳ್ಳೊಳ್ಳೆಯ ಯಂತ್ರಗಳು ಒಂದು ಸಣ್ಣ ಭಾಗ ಹಾಳಾಗಿ ಮೂಲೆಯಲ್ಲಿ ಬಟ್ಟೆ ಹೊದ್ದು ನಿಂತಿದ್ದವು. ಪುಸ್ತಕದಲ್ಲಿ ಇಲ್ಲದ ಪ್ರಶ್ನೆಗಳು ಅಲ್ಲಿ ಸಿಗುತ್ತವೆ. ಸಂಶೋಧನೆಗೆ ಬೇಕಾದದ್ದು ಮೊದಲು ಪ್ರಶ್ನೆ.

ಬಿ.ಇ. ಆದಾಗ ನನಗೆ ಒಂದು ಸಾಫ್ಟ್‌ವೇರ್ ಕೆಲಸ ಸಿಕ್ಕಿತ್ತು, ತಿಂಗಳಿಗೆ 30 ಸಾವಿರದ ಹತ್ತಿರ. ಮನೆಯಲ್ಲಿ ಸಾಲವಿತ್ತು, ತಮ್ಮನ ಓದಿತ್ತು. ಕೆಲಸ ಬಿಟ್ಟು ಓದುತ್ತೇನೆಂದಾಗ ಅಪ್ಪ ಎರಡು ದಿನ ಮಾತಾಡಲಿಲ್ಲ. ಅವ್ವ ಕೇಳಿದ್ದು ಒಂದೇ: “ಓದೋವಾಗ ಊಟಕ್ಕೆ ನೀನೇ ನೋಡ್ಕೊಳ್ಳಕ್ಕೆ ಆಗುತ್ತಾ?” ಆಗುತ್ತದೆ ಅಂದೆ. ಅದು ಹೇಗೆಂದು ನಿಮಗೂ ಹೇಳುತ್ತೇನೆ, ಏಕೆಂದರೆ ಹಳ್ಳಿಯ ಬಹಳ ಜನಕ್ಕೆ ಇದು ಗೊತ್ತಿಲ್ಲ.

ಗೇಟ್ ಎಂಬ ಪರೀಕ್ಷೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಐ.ಐ.ಟಿ.ಗಳು ಸೇರಿ ನಡೆಸುತ್ತವೆ. 2020ರಿಂದ ಅದರಲ್ಲಿ ಬಯೋಮೆಡಿಕಲ್‌ಗೆ ಪ್ರತ್ಯೇಕ ಪತ್ರಿಕೆ ಇದೆ. ಬಂದ ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಅದರಲ್ಲಿ ಪಾಸಾಗಿ ಎಂ.ಟೆಕ್. ಸೇರಿದರೆ ಎರಡು ವರ್ಷ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ. ನನಗೆ ಸಿಕ್ಕಿದ್ದು ಅದೇ. ಹಾಸ್ಟೆಲ್ಲು, ಊಟ ಅದರಲ್ಲೇ ಕಳೆಯಿತು, ಮನೆಗೆ ಕಳಿಸಲು ಆಗಲಿಲ್ಲ. ಆಮೇಲೆ ಪಿಎಚ್.ಡಿ. ಕೇಂದ್ರ ಸರ್ಕಾರದ ಫೆಲೋಶಿಪ್ ದರವನ್ನು 2023ರ ಜನವರಿಯಿಂದ ಮೊದಲ ಎರಡು ವರ್ಷಕ್ಕೆ ತಿಂಗಳಿಗೆ 37,000, ಆನಂತರ 42,000 ಎಂದು ಏರಿಸಿದ್ದಾರೆ. ಅಂದರೆ ಪಿಎಚ್.ಡಿ. ಮಾಡುವವರು ಮನೆಯ ದುಡ್ಡು ತಿನ್ನುತ್ತಾರೆ ಎಂಬುದು ಸರಿಯಲ್ಲ. ನಾನು ಈಗ ಪ್ರತಿ ತಿಂಗಳೂ ಮನೆಗೆ ಕಳಿಸುತ್ತೇನೆ. ಆದರೆ ಇದನ್ನೂ ಹೇಳಬೇಕು: ಫೆಲೋಶಿಪ್ ಕೆಲವೊಮ್ಮೆ ತಡವಾಗಿ ಬರುತ್ತದೆ. ಎಲ್ಲ ಕಾಲೇಜಿನಲ್ಲೂ ಫೆಲೋಶಿಪ್ ಇರುವುದಿಲ್ಲ. ಸೇರುವ ಮೊದಲು ಕೇಳಿಯೇ ಸೇರಬೇಕು.

ಓದುವ ಕಡೆಗಳೂ ಬೇಕಾದಷ್ಟಿವೆ. ಬೆಂಗಳೂರಿನಲ್ಲಿ 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೈವಿಕ ಇಂಜಿನಿಯರಿಂಗಿಗೆಂದೇ ವಿಭಾಗವಿದೆ. ದೆಹಲಿಯ ಐ.ಐ.ಟಿ.ಯು ಏಮ್ಸ್ ಆಸ್ಪತ್ರೆಯ ಜೊತೆಗೂಡಿ 1971ರಲ್ಲೇ ಇದಕ್ಕೊಂದು ಕೇಂದ್ರ ತೆರೆಯಿತು. ಮದ್ರಾಸು ಐ.ಐ.ಟಿ., ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮತ್ತು ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ ಮೂರೂ ಸೇರಿ ಕ್ಲಿನಿಕಲ್ ಇಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ನಡೆಸಿಕೊಂಡು ಬಂದಿವೆ. ಇಂಜಿನಿಯರು, ಡಾಕ್ಟರು, ಆಸ್ಪತ್ರೆ ಕೂಡಿಯೇ ಕೆಲಸ ಮಾಡಬೇಕೆಂಬುದಕ್ಕೆ ಇದೇ ಸಾಕ್ಷಿ.

ಪಿಎಚ್.ಡಿ. ಎಂದರೆ ಐದು ವರ್ಷವೆಂದು ಇಟ್ಟುಕೊಳ್ಳಿ, ಒಮ್ಮೊಮ್ಮೆ ಆರು. ಮೊದಲ ವರ್ಷ ಪಾಠ, ಆಮೇಲೆ ದೊಡ್ಡ ಮೌಖಿಕ ಪರೀಕ್ಷೆ, ಆಮೇಲೆ ಪ್ರಯೋಗ. ಮನುಷ್ಯರ ಮೇಲೆ ಯಾವ ಅಳತೆ ಮಾಡಬೇಕಾದರೂ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಬರುವವರಿಗೆ ಅವರ ಭಾಷೆಯಲ್ಲೇ ಎಲ್ಲವನ್ನೂ ವಿವರಿಸಿ, ಬೇಡವೆಂದರೆ ಯಾವಾಗ ಬೇಕಾದರೂ ಹೋಗಬಹುದೆಂದು ಹೇಳಿ, ರುಜು ಪಡೆಯಬೇಕು. ಆ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬರೆಯಲು ಕೂತಾಗ ನಮ್ಮೂರಿನ ಶಾಲೆ ನನಗೆ ಕೊಟ್ಟ ಕನ್ನಡ ಎಷ್ಟು ಉಪಯೋಗಕ್ಕೆ ಬಂತೆಂದು ಹೇಳಲಾರೆ. ಪ್ರಯೋಗದಲ್ಲಿ ಕಂಡದ್ದನ್ನು ಲೇಖನವಾಗಿ ಬರೆದು ಪತ್ರಿಕೆಗೆ ಕಳಿಸಬೇಕು. ಯಾರೋ ಗುರುತಿಲ್ಲದ ಪಂಡಿತರು ಅದನ್ನು ಓದಿ, ಇದು ಸಾಲದು, ಅದು ಸಾಲದು ಎಂದು ವಾಪಸು ಕಳಿಸುತ್ತಾರೆ. ಮತ್ತೆ ಮಾಡಬೇಕು. ಕೊನೆಗೆ ಮಹಾಪ್ರಬಂಧ. ಆಮೇಲೆ ಎರಡು ಮೂರು ವರ್ಷ ಬೇರೆ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಅನುಭವ ಗಳಿಸಿದ ಮೇಲೆ ದೊಡ್ಡ ಸಂಸ್ಥೆಗಳಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಬಹುದು. 18ಕ್ಕೆ ಬಿ.ಇ. ಸೇರಿದವರಿಗೆ ಅಷ್ಟು ಹೊತ್ತಿಗೆ 31, 32 ಆಗಿರುತ್ತದೆ.

ಹುದ್ದೆ ಸಿಕ್ಕೇ ಸಿಗುತ್ತದೆಯೇ? ಗ್ಯಾರಂಟಿ ಇಲ್ಲ. ಪಿಎಚ್.ಡಿ. ಮಾಡಿದವರು ಹೆಚ್ಚು, ಒಳ್ಳೆಯ ಅಧ್ಯಾಪಕ ಹುದ್ದೆಗಳು ಕಡಿಮೆ. ಸಿಗದವರು ವೈದ್ಯಕೀಯ ಯಂತ್ರ ತಯಾರಿಸುವ ಕಂಪನಿಗಳ ಸಂಶೋಧನಾ ವಿಭಾಗಕ್ಕೆ, ಪರೀಕ್ಷಾ ಪ್ರಯೋಗಾಲಯಗಳಿಗೆ, ಆಸ್ಪತ್ರೆಗಳಿಗೆ ಹೋಗುತ್ತಾರೆ. ಕೆಲವರು ತಾವೇ ಸಣ್ಣ ಕಂಪನಿ ಕಟ್ಟುತ್ತಾರೆ. ಯಾರೂ ಉಪವಾಸ ಬೀಳುವುದಿಲ್ಲ, ಆದರೆ ಬೇಗ ಶ್ರೀಮಂತರಾಗುವ ದಾರಿಯಂತೂ ಇದಲ್ಲ. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಹುರಿದುಂಬಿಸುವುದು ನನಗೆ ಸರಿಕಾಣದು. ಹಣ ಬೇಗ ಬೇಕಾದ ಮನೆಯ ಮಗು ಬಿ.ಇ. ಆದ ಮೇಲೆ ಕೆಲಸಕ್ಕೆ ಹೋಗಲಿ, ತಪ್ಪೇನಿಲ್ಲ. ನಾಲ್ಕು ವರ್ಷ ಕೆಲಸ ಮಾಡಿ ಬಂದು ಪಿಎಚ್.ಡಿ. ಸೇರಿದವರೂ ಇದ್ದಾರೆ. ಆ ಬಾಗಿಲು ಮುಚ್ಚಿಹೋಗುವುದಿಲ್ಲ.

ಇಷ್ಟು ವರ್ಷ ತಾಳ್ಮೆಯಿಂದ ಕೂತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆ ಕೊಡುತ್ತೇನೆ. ಚಿಕ್ಕಂದಿನಲ್ಲಿ ಬರುವ ಒಂದು ಬಗೆಯ ಕೀಲುಜ್ವರ ಎಷ್ಟೋ ಬಡಮಕ್ಕಳ ಹೃದಯದ ಕವಾಟವನ್ನು ಹಾಳು ಮಾಡುತ್ತಿತ್ತು. ಹೊಸ ಕವಾಟವನ್ನು ಹೊರದೇಶದಿಂದ ತರಿಸಬೇಕಿತ್ತು, ಬೆಲೆ ಬಡವರ ಕೈಗೆಟುಕದು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಎಂಬ ಶಸ್ತ್ರವೈದ್ಯರು ಇಂಜಿನಿಯರುಗಳನ್ನು ಕೂಡಿಸಿಕೊಂಡು ಇಲ್ಲೇ ಕವಾಟ ಮಾಡಲು ಹೊರಟರು. ಹೃದಯ ನಿಮಿಷಕ್ಕೆ 72 ಸಲ ಬಡಿದರೆ ವರ್ಷಕ್ಕೆ ಸುಮಾರು 3 ಕೋಟಿ 80 ಲಕ್ಷ ಸಲ ಆ ಕವಾಟ ತೆರೆದು ಮುಚ್ಚಬೇಕು, ಒಂದು ಸಲವೂ ತಪ್ಪದೆ. ಮೊದಲ ಮಾದರಿ ಸೋತಿತು. ಎರಡನೆಯದೂ ಸೋತಿತು, ಮೂರನೆಯದೂ ಸೋತಿತು. ನಾಲ್ಕನೆಯದು ನಿಂತಿತು. 1990ರ ಡಿಸೆಂಬರ್ 6ರಂದು ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅದನ್ನು ಜೋಡಿಸಿದರು. ಚಿತ್ರಾ ಕವಾಟ ಎಂದು ಅದಕ್ಕೆ ಹೆಸರು. ವಲಿಯತ್ತಾನ್ ಅವರು ಮುಂದೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾದರು, 2024ರ ಜುಲೈನಲ್ಲಿ ಮಣಿಪಾಲದಲ್ಲೇ ತೀರಿಕೊಂಡರು. ಮೂರು ಸಲ ಸೋತಾಗ “ಇನ್ನೂ ಮುಗೀಲಿಲ್ವಾ?” ಎಂದು ಯಾರಾದರೂ ಆ ಕೆಲಸವನ್ನು ನಿಲ್ಲಿಸಿದ್ದರೆ ನಾಲ್ಕನೆಯದು ಬರುತ್ತಿರಲಿಲ್ಲ.

ಹೆಣ್ಣುಮಕ್ಕಳ ವಿಷಯ ಒಂದು ಮಾತು. ನನ್ನ ಜೊತೆ ಎಸ್.ಎಸ್.ಎಲ್.ಸಿ. ಓದಿದ ಹುಡುಗಿಯರಲ್ಲಿ ನನಗಿಂತ ಲೆಕ್ಕದಲ್ಲಿ ಚುರುಕಾದವರು ಇಬ್ಬರಿದ್ದರು. ಇಬ್ಬರಿಗೂ ಪಿ.ಯು.ಸಿ. ಆದ ಕೂಡಲೇ ಮದುವೆಯಾಯಿತು. ಯಾರನ್ನೂ ದೂರುತ್ತಿಲ್ಲ, ಒಳ್ಳೆಯ ಸಂಸಾರಗಳೇ. ಆದರೆ ಮೊನ್ನೆ ಅವರಲ್ಲೊಬ್ಬಳು ಮಗುವನ್ನೆತ್ತಿಕೊಂಡು ಬಂದು, “ನೀನು ಮಾಡೋ ಲೆಕ್ಕ ನನಗೂ ಅರ್ಥ ಆಗ್ತಿತ್ತೇನೆ?” ಅಂತ ಕೇಳಿದಳು. ಆಗುತ್ತಿತ್ತು. ಖಂಡಿತ ಆಗುತ್ತಿತ್ತು. ಮಗಳ ಮದುವೆ ಯಾವಾಗ ಅಂತ ಕೇಳುವವರು ಕೇಳಲಿ, ಅದರ ಜೊತೆಗೆ ಅವಳ ಓದು ಎಲ್ಲಿಗೆ ಬಂತು ಅಂತಲೂ ಕೇಳಿ. ಎರಡನ್ನೂ ಕೇಳಿದರೆ ನಮಗೆ ಸಂತೋಷ.

ಕೊನೆಯದಾಗಿ ಸಂಘದ ಆಡಳಿತ ಮಂಡಳಿಯಲ್ಲಿ ಮೂರು ಕೋರಿಕೆ. ಒಂದು, ಡೈರಿಯ ಗೋಡೆಯಲ್ಲಿ ಹಾಲಿನ ದರದ ಪಟ್ಟಿಯ ಪಕ್ಕದಲ್ಲೇ ಇನ್ನೊಂದು ಹಲಗೆ ಹಾಕಿಸಿ. ಸಿ.ಇ.ಟಿ., ವಿದ್ಯಾರ್ಥಿವೇತನ, ಗೇಟ್ ಅರ್ಜಿಗಳ ಕೊನೆಯ ದಿನಾಂಕಗಳನ್ನು ಅದರಲ್ಲಿ ಬರೆಯಿಸಿ. ದಿನಕ್ಕೆರಡು ಸಲ ಊರೆಲ್ಲ ಬರುವ ಜಾಗ ಇದೊಂದೇ. ದಿನಾಂಕಗಳನ್ನು ತಿಳಿಸುವ ಕೆಲಸ ನನ್ನದು. ಎರಡು, ವರ್ಷಕ್ಕೊಂದು ದಿನ ಪ್ರೌಢಶಾಲೆಯ ಮಕ್ಕಳನ್ನು ಕರೆಸಿ, ಲ್ಯಾಕ್ಟೋಮೀಟರು, ಗರ್ಬರ್ ಪರೀಕ್ಷೆ, ಮಿಷನ್ನು ಮೂರನ್ನೂ ತೋರಿಸಿ, ಒಂದೇ ಹಾಲಿನ ಅಂಕಿಗಳನ್ನು ಮಕ್ಕಳೇ ತಾಳೆ ನೋಡಲಿ. ಆಮ್ಲ ಹಾಕುವ ಕೆಲಸ ಮಾತ್ರ ಪರೀಕ್ಷಕರೇ ಮಾಡಲಿ. ಒಂದು ಪೈಸೆ ಖರ್ಚಿಲ್ಲದ ಪ್ರಯೋಗಾಲಯ ನಮ್ಮೂರಿನಲ್ಲೇ ಇದೆ. ಮೂರು, ಪ್ರತಿಭಾ ಪುರಸ್ಕಾರವನ್ನು ಎಸ್.ಎಸ್.ಎಲ್.ಸಿ., ಪಿ.ಯು.ಸಿ.ಗೆ ನಿಲ್ಲಿಸದೆ, ಗೇಟ್‌ನಂಥ ಪರೀಕ್ಷೆ ಬರೆಯುವ ಸದಸ್ಯರ ಮಕ್ಕಳ ಅರ್ಜಿ ಶುಲ್ಕವನ್ನಾದರೂ ಸಂಘದ ಶಿಕ್ಷಣ ನಿಧಿಯಿಂದ ಕೊಡಲು ಸಾಧ್ಯವೇ ಎಂದು ಮಹಾಸಭೆಯಲ್ಲಿ ಚರ್ಚಿಸಿ.

ನಮ್ಮ ಕರ್ನಾಟಕದಲ್ಲಿ ಸಹಕಾರ ಶುರುವಾದದ್ದು 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ. ಒಬ್ಬೊಬ್ಬರಿಂದ ಆಗದ್ದು ಎಲ್ಲರೂ ಕೂಡಿದರೆ ಆಗುತ್ತದೆಂದು ಆ ಹಳ್ಳಿ ತೋರಿಸಿತು. ಒಂದು ಲೀಟರ್ ಹಾಲಿನಿಂದ ಡೈರಿ ನಡೆಯದು, ಒಬ್ಬರ ಬೆರಳಿನ ಅಂಕಿಯಿಂದ ಯಂತ್ರ ಸರಿಹೋಗದು. ನೂರಾರು ಜನರ ಅಳತೆ ಕೂಡಬೇಕು, ಹತ್ತಾರು ಸಂಶೋಧಕರ ವರ್ಷಗಳು ಕೂಡಬೇಕು. ಆ ಹತ್ತಾರು ಜನರಲ್ಲಿ ನಮ್ಮೂರಿನ ಇನ್ನೂ ಇಬ್ಬರು ಮೂವರು ಇರಲಿ ಎಂಬುದೇ ನನ್ನ ಆಸೆ. ಇವತ್ತು ಬಹುಮಾನ ತೆಗೆದುಕೊಂಡ ಮಕ್ಕಳಲ್ಲಿ ಯಾರಿಗೆ ಈ ದಾರಿ ಹಿಡಿಯಬೇಕೆನಿಸಿದರೂ, ನಮ್ಮ ಮನೆ ಗೊತ್ತಿದೆ, ಅವ್ವನ ಹತ್ತಿರ ನನ್ನ ಫೋನ್ ನಂಬರ್ ಇದೆ. ಸಂಕೋಚಪಡಬೇಡಿ.

ಇಪ್ಪತ್ತೈದು ವರ್ಷ ಪೂರೈಸಿದ ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಆಚರಿಸಲಿ, ಅದರ ವೇದಿಕೆಯ ಮೇಲೆ ಇವತ್ತಿನ ಮಕ್ಕಳು ನಿಂತು ಮಾತಾಡಲಿ ಎಂದು ಹಾರೈಸುತ್ತೇನೆ.

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.